ಗೇರುಗುಡ್ಡದಿಂದ ಇಳಿದ ವಿಷ: ಪಡ್ರೆ ಗ್ರಾಮ ಕಲಿಸುವ ಪಾಠ



ಬೆಳೆಗೆ ಔಷಧಿ ಹೊಡೆಯುವುದು ನಿಮಗೆ ಹೊಸ ಕೆಲಸವಲ್ಲ. ಆದರೆ ಪಕ್ಕದ ತೋಟದಲ್ಲಿ ಹೊಡೆದ ಔಷಧಿ ನಿಮ್ಮ ಬಾವಿಗೆ, ಹಟ್ಟಿಗೆ, ಮನೆಗೆ ಬಂದರೆ ಏನು ಮಾಡಬೇಕು? ಹೊಡೆಸುವವರು ಸರ್ಕಾರದ ನಿಗಮದವರೇ ಆಗಿದ್ದು, ‘ಇದರಿಂದ ಏನೂ ಅಪಾಯವಿಲ್ಲ’ ಎಂದು ಹೇಳಿಬಿಟ್ಟರೆ ಯಾರನ್ನು ಕೇಳಬೇಕು? ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಜನ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಪ್ರಶ್ನೆಯನ್ನು ಎದುರಿಸಿದರು. ಅವರ ಅನುಭವವನ್ನು ಪ್ರತಿಯೊಬ್ಬ ಬೇಸಾಯಗಾರನೂ ತಿಳಿದಿರುವುದು ಒಳ್ಳೆಯದು.

ಮೇಲೆ ಗೇರುತೋಟ, ಕೆಳಗೆ ಊರು

ಪಡ್ರೆ ಇರುವುದು ಕೇರಳದ ಎಣ್ಮಕಜೆ ಪಂಚಾಯತಿಯಲ್ಲಿ. ಕನ್ನಡ, ತುಳು ಮಾತನಾಡುವ ಕೃಷಿಕರ ಊರು. ಇಲ್ಲಿ ಅಡಿಕೆ, ತೆಂಗು ಮುಖ್ಯ ಬೆಳೆ. ಗುಡ್ಡದಿಂದ ಹರಿದು ಬರುವ ತೊರೆಗಳು ಮತ್ತು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳೇ ನೀರಿನ ಆಧಾರ. ಗುಡ್ಡದ ಮೇಲ್ಭಾಗದಲ್ಲಿ ಕೇರಳ ಸರ್ಕಾರಕ್ಕೆ ಸೇರಿದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟವಿದೆ. ಜಿಲ್ಲೆಯಲ್ಲಿ ನಿಗಮದ ಗೇರುತೋಟಗಳ ಒಟ್ಟು ವಿಸ್ತೀರ್ಣ ಸುಮಾರು 4,500 ಹೆಕ್ಟೇರು.

ಗೇರಿನ ಚಿಗುರು ಮತ್ತು ಹೂಗೊಂಚಲಿನ ರಸ ಹೀರುವ ಟೀ ಸೊಳ್ಳೆಯನ್ನು ಹತೋಟಿಯಲ್ಲಿಡಲು ನಿಗಮವು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಇದು ಆರ್ಗನೋಕ್ಲೋರಿನ್ ಗುಂಪಿನ ವಿಷ. ಕೀಟದ ನರಮಂಡಲದ ಮೇಲೆ ಕೆಲಸ ಮಾಡುವ ಈ ವಿಷ ಮನುಷ್ಯರ ನರಮಂಡಲಕ್ಕೂ ಕೆಡುಕು ಮಾಡಬಲ್ಲದು. ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಉಳಿಯುತ್ತದೆ. ಮೀನುಗಳಿಗಂತೂ ಅತಿ ಸ್ವಲ್ಪ ಪ್ರಮಾಣವೂ ಮಾರಕ. ಮಣ್ಣಿನಲ್ಲಿ ಇದು ಒಡೆದು ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ. ಇಳಿಜಾರಿನ ಊರಿನಲ್ಲಿ ಮಳೆನೀರು ಮೇಲಿನದನ್ನೆಲ್ಲ ಕೆಳಗೆ ತರುತ್ತದೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ.

ಮೊದಲು ಕಂಡವರು ಕೃಷಿಕರು

ಈ ಅಪಾಯದ ಸುಳಿವು ಮೊದಲು ಸಿಕ್ಕಿದ್ದು ಪ್ರಯೋಗಶಾಲೆಯಲ್ಲಲ್ಲ, ಹಟ್ಟಿಯಲ್ಲಿ. 1979ರ ಹೊತ್ತಿಗೆ ಕೈಕಾಲು ಸೊಟ್ಟಗಿದ್ದ ಕರುಗಳು ಹುಟ್ಟಿದ್ದನ್ನು ಊರಿನ ಕೃಷಿಕರೊಬ್ಬರು ಗಮನಿಸಿದರು. ಜೇನು ಕಡಿಮೆಯಾದುದನ್ನೂ ತೊರೆಯಲ್ಲಿ ಮೀನು ಸತ್ತು ತೇಲಿದುದನ್ನೂ ಜನ ಕಂಡರು. ಅದೇ ಊರಿನ ಕೃಷಿಕ ಹಾಗೂ ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಈ ಬಗ್ಗೆ ಬರೆದರು. ಗೇರಿಗಿಂತ ಜೀವ ಅಗ್ಗವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಆಗ ಕೇಳಿಸಿಕೊಂಡವರು ಕಡಿಮೆ. ಮುಂದೆ 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯನ್ನು ಕಟ್ಟಿ ಬೆಳೆಸಿದವರಲ್ಲಿ ಇವರೂ ಒಬ್ಬರು. ಕೃಷಿಕರೇ ಲೇಖನಿ ಹಿಡಿಯಬೇಕೆಂಬುದು ಆ ಪತ್ರಿಕೆಯ ಧ್ಯೇಯ.

ಡಾ. ವೈ. ಎಸ್. ಮೋಹನ ಕುಮಾರ್ ಅವರು 1980ರ ದಶಕದಿಂದ ಈ ಊರಿನ ವಾಣಿನಗರದಲ್ಲಿ ವೈದ್ಯರಾಗಿದ್ದರು. ಚಿಕ್ಕ ಊರಿನಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟು ಅಂಗವಿಕಲತೆ, ಕ್ಯಾನ್ಸರ್ ಇಷ್ಟೊಂದು ಏಕೆ ಎಂದು ಅವರು ಯೋಚಿಸತೊಡಗಿದರು. ಮನೆಮನೆಯ ಕಾಯಿಲೆಗಳನ್ನು ಬರೆದಿಟ್ಟು ನೋಡಿದಾಗ, ತೊರೆಯ ನೀರು ಬಳಸುವ ಮನೆಗಳಲ್ಲಿ ಕಾಯಿಲೆ ಹೆಚ್ಚು ಎಂದು ಅವರಿಗೆ ತೋರಿತು. ವೈದ್ಯಕೀಯ ಪತ್ರಿಕೆಗೂ ಅವರು ಈ ವಿಷಯ ಬರೆದರು. ಇತ್ತ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರೇ ಆಗಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪರಣೆಗೆ ತಡೆಯಾಜ್ಞೆ ತಂದರು.

ಪರೀಕ್ಷೆಗೆ ಪರೀಕ್ಷೆ ಎದುರಾಯಿತು

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತ, ಹಾಲು ಮುಂತಾದವುಗಳ ಮಾದರಿ ಪರೀಕ್ಷಿಸಿ, ಎಂಡೋಸಲ್ಫಾನ್ ಶೇಷಾಂಶ ಹೆಚ್ಚಿನ ಪ್ರಮಾಣದಲ್ಲಿದೆ ಎಂದು ‘ಡೌನ್ ಟು ಅರ್ತ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಬಳಿಕ ಬೇರೊಂದು ಸಂಸ್ಥೆಯ ಪರೀಕ್ಷೆ, ಅಂಥದೇನೂ ಇಲ್ಲ ಎಂದಿತು. ಸಾಮಾನ್ಯ ಜನ ಯಾವುದನ್ನು ನಂಬಬೇಕು?

ಇಂಥ ಸಂದರ್ಭದಲ್ಲಿ ಹೋಲಿಕೆಯೇ ದಾರಿ. ಒಂದು ತಾಕಿಗೆ ಗೊಬ್ಬರ ಹಾಕಿ, ಇನ್ನೊಂದನ್ನು ಹಾಗೆಯೇ ಬಿಟ್ಟು ನೀವು ಇಳುವರಿ ನೋಡುವುದಿಲ್ಲವೇ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಪಡ್ರೆಯ ಮಕ್ಕಳನ್ನು, ವೈಮಾನಿಕ ಸಿಂಪರಣೆ ನಡೆಯದ ಮೀಂಜ ಪಂಚಾಯತಿಯ ಮಕ್ಕಳೊಂದಿಗೆ ಹೋಲಿಸಿದರು. ಕಲಿಕೆಯ ತೊಂದರೆ ಮತ್ತು ಹುಟ್ಟು ನ್ಯೂನತೆ ಪಡ್ರೆಯಲ್ಲಿ ಹೆಚ್ಚಾಗಿ ಕಂಡುಬಂದವು. ಪಡ್ರೆಯ 117 ಗಂಡುಮಕ್ಕಳನ್ನು ಹೋಲಿಕೆಯ ಊರಿನ 90 ಮಂದಿಯೊಂದಿಗೆ ನೋಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದೆ, ಅವರ ರಕ್ತದಲ್ಲಿ ಎಂಡೋಸಲ್ಫಾನ್ ಅಂಶ ಹೆಚ್ಚಿದೆ ಎಂದು ಅದು ತಿಳಿಸಿತು.

ಆದರೂ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗಳು ಕಾಯಿಲೆಗಳಿಗೆ ಎಂಡೋಸಲ್ಫಾನೇ ಕಾರಣವೆಂದು ಒಪ್ಪಲಿಲ್ಲ. ಊರಿನ ಪ್ರತಿಯೊಂದು ಕಾಯಿಲೆಯನ್ನೂ ಇದಕ್ಕೇ ಗಂಟುಹಾಕುವುದು ಸರಿಯಲ್ಲ ಎನ್ನುವ ತಜ್ಞರು ಇದ್ದಾರೆ. ಆದರೆ ಜನವಸತಿ, ಜಲಮೂಲಗಳ ಮೇಲೆ ವರ್ಷವರ್ಷವೂ ಇಂಥ ವಿಷ ಸುರಿಯುವುದು ತಪ್ಪು ಎಂಬುದರಲ್ಲಿ ಸಂಶಯವಿಲ್ಲ.

ವೈಮಾನಿಕ ಸಿಂಪರಣೆ 2000ದ ಕೊನೆಗೆ ನಿಂತಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಇದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ನಮ್ಮ ರಾಜ್ಯದಲ್ಲೂ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಹೆಲಿಕಾಪ್ಟರಿನಿಂದ ಇದೇ ವಿಷ ಹೊಡೆದುದನ್ನು ಮರೆಯುವಂತಿಲ್ಲ.

ನಿಯಮ ಆಗಲೂ ಇತ್ತು

ಪಡ್ರೆಯಲ್ಲಿ ಸಿಂಪರಣೆ ನಡೆಯುತ್ತಿದ್ದ ಕಾಲದಲ್ಲೂ ದೇಶದಲ್ಲಿ 1968ರ ಕೀಟನಾಶಕ ಕಾಯಿದೆ, 1971ರ ಕೀಟನಾಶಕ ನಿಯಮಗಳು ಜಾರಿಯಲ್ಲಿದ್ದವು. ಆ ನಿಯಮಗಳ 43ನೆಯ ವಿಧಿಯ ಪ್ರಕಾರ ವೈಮಾನಿಕ ಸಿಂಪರಣೆಗೆ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು. ಸಿಂಪಡಿಸುವ ಜಾಗವನ್ನು ಗುರುತು ಮಾಡಬೇಕು. ಒಪ್ಪಿಗೆ ಪಡೆದ ಔಷಧಿಯನ್ನು ಒಪ್ಪಿಗೆಯಾದ ಪ್ರಮಾಣ ಮತ್ತು ಎತ್ತರದಲ್ಲೇ ಹೊಡೆಯಬೇಕು. ನಿಗದಿಯಾದ ಅವಧಿಯವರೆಗೆ ಜನ, ಜಾನುವಾರು ಅಲ್ಲಿಗೆ ಹೋಗದಂತೆ ನೋಡಿಕೊಳ್ಳಬೇಕು. ನಿಯಮ ಕಾಗದದಲ್ಲಿದ್ದ ಮಾತ್ರಕ್ಕೆ ಊರು ಉಳಿಯಲಿಲ್ಲ. ಈಗ ಡ್ರೋನ್ ಸಿಂಪರಣೆ ಹಳ್ಳಿಗಳಿಗೆ ಬರುತ್ತಿದೆ. ಅದಕ್ಕೂ ಕೇಂದ್ರ ಸರ್ಕಾರ 2021ರಲ್ಲಿ ಕಾರ್ಯವಿಧಾನ ಹೊರಡಿಸಿದೆ. ಅದು ನಿಮ್ಮ ಊರಿನಲ್ಲಿ ಪಾಲನೆಯಾಗುತ್ತಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ನೀವು ಅನುಸರಿಸಬೇಕಾದ ಕ್ರಮಗಳು

1. ಡಬ್ಬಿಯ ಮೇಲಿನ ಚೀಟಿ ಓದಿರಿ. ತ್ರಿಕೋನದ ಬಣ್ಣ ಕೆಂಪಾದರೆ ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸಿರು ಬಣ್ಣಗಳಿಗೆ ಕ್ರಮವಾಗಿ ವಿಷದ ತೀವ್ರತೆ ಕಡಿಮೆ. ಆದರೆ ಹಸಿರು ಎಂದರೆ ನಿರಪಾಯ ಎಂದಲ್ಲ.

2. ಬಿಲ್ಲು ಇಲ್ಲದೆ ಔಷಧಿ ಕೊಳ್ಳಬೇಡಿರಿ. ತಯಾರಿಕೆಯ ತಂಡದ ಸಂಖ್ಯೆ ಬಿಲ್ಲಿನಲ್ಲಿರಲಿ.

3. ಒಂದು ಪುಸ್ತಕ ಇಡಿರಿ. ಯಾವ ದಿನ, ಎಲ್ಲಿ, ಏನು ಹೊಡೆದರು, ಗಾಳಿ ಯಾವ ಕಡೆ ಬೀಸುತ್ತಿತ್ತು ಎಂಬುದನ್ನು ಬರೆಯಿರಿ. ಜೇನು, ಮೀನು ಸತ್ತರೆ, ಕಂದು ಹಾಕಿದರೆ, ಅಂಗ ಊನವಾದ ಕರು ಹುಟ್ಟಿದರೆ ದಿನಾಂಕದೊಡನೆ ಗುರುತಿಸಿರಿ.

4. ಸಂಶಯ ಬಂದರೆ ರೈತ ಸಂಪರ್ಕ ಕೇಂದ್ರ, ಪಶುವೈದ್ಯರು, ಆರೋಗ್ಯ ಕೇಂದ್ರಕ್ಕೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ.

5. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿರಿ. ಯಾವ ಔಷಧಿ, ಎಷ್ಟು ಪ್ರಮಾಣ, ಯಾರ ಅನುಮತಿ ಎಂದು ಕೇಳಿರಿ.

6. ಕೇಳಿದ ಸುದ್ದಿಯನ್ನೂ ಕಣ್ಣಾರೆ ಕಂಡದ್ದನ್ನೂ ಬೇರೆ ಬೇರೆ ಬರೆಯಿರಿ. ಉತ್ಪ್ರೇಕ್ಷೆ ಮಾಡಿದರೆ ನಿಜವಾದ ದೂರೂ ಬಲ ಕಳೆದುಕೊಳ್ಳುತ್ತದೆ.

ಪಡ್ರೆಯಲ್ಲಿ ಹಟ್ಟಿಯ ಕರುವಿನಿಂದ ಹಿಡಿದು ದೇಶದ ಅತ್ಯುನ್ನತ ನ್ಯಾಯಾಲಯದ ತಡೆಯವರೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಅವಧಿಯಲ್ಲಿ ಹುಟ್ಟಿ ನರಳಿದ ಮಕ್ಕಳಿಗೆ ಕಳೆದುಹೋದುದನ್ನು ಯಾವ ಪರಿಹಾರವೂ ಮರಳಿ ಕೊಡಲಾರದು. ಮೊದಲ ಸುಳಿವು ಕಂಡಾಗಲೇ ಬರೆದಿಟ್ಟು, ನಾಲ್ಕು ಜನ ಸೇರಿ ಕೇಳಿದರೆ ಮುಂದಿನ ಊರಿಗಾದರೂ ಇಷ್ಟು ವರ್ಷ ಕಾಯುವ ಗತಿ ಬಾರದು. ನಿಮ್ಮ ಪುಸ್ತಕದ ಮೊದಲ ಪುಟವನ್ನು ಈ ಹಂಗಾಮಿನಿಂದಲೇ ಆರಂಭಿಸಿರಿ.