ಎತ್ತರಕ್ಕೆ ಅವಸರ ಆಗಿಬರದು

ಕೈಲಾಸ ಮಾನಸ ಸರೋವರಕ್ಕೆ ಹೊರಟವರ ಮನೆಯಲ್ಲಿ ತಿಂಗಳ ಮೊದಲೇ ಔಷಧಿಯ ಚೀಲ ತುಂಬತೊಡಗುತ್ತದೆ. ಬಿಪಿ ಮಾತ್ರೆ, ಶುಗರ್ ಮಾತ್ರೆ, ಅಮೃತಾಂಜನ, ಯಾರೋ ಹೇಳಿದರೆಂದು ಮೂಸಲು ಪಚ್ಚಕರ್ಪೂರ. ಕರ್ಪೂರ ಮೂಗಿಗೆ ಹಿತ, ಅಷ್ಟೆ. ರಕ್ತದಲ್ಲಿ ಆಮ್ಲಜನಕ ಹೆಚ್ಚಿಸುವ ಶಕ್ತಿ ಅದಕ್ಕಿಲ್ಲ. ಈ ಚೀಲಕ್ಕೂ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಟೂರಿನವರು ಕೊಟ್ಟ ದಿನವಾರು ಕಾರ್ಯಕ್ರಮದ ಹಾಳೆ. ಯಾವ ರಾತ್ರಿ ಎಲ್ಲಿ ತಂಗುತ್ತೇವೋ ಆ ಊರಿನ ಎತ್ತರವನ್ನು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ನೋಡಿ. ತಂಡದವರು ಯಾವ ದಿನ ತಲೆ ಹಿಡಿದುಕೊಂಡು ಕೂರುತ್ತಾರೆ ಎಂಬುದು ಬಹುಮಟ್ಟಿಗೆ ಅಲ್ಲೇ ಕಾಣಿಸುತ್ತದೆ.

ನೇಪಾಳದ ಮೂಲಕ ಬಸ್ಸಿನಲ್ಲಿ ಹೋಗುವ ದಾರಿಯನ್ನೇ ತೆಗೆದುಕೊಳ್ಳೋಣ. ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಗಡಿ ದಾಟಿದ ಮೇಲೆ ಸಿಗುವ ಕೇರುಂಗ್ ಸುಮಾರು 2,800. ಅಲ್ಲಿಂದ ಮುಂದಿನ ತಂಗುದಾಣ ಸಾಗಾ, ಸುಮಾರು 4,500. ಅಂದರೆ ಬೆಳಿಗ್ಗೆ ಉಪ್ಪಿಟ್ಟು ತಿಂದು ಬಸ್ ಹತ್ತಿದವರು ಸಂಜೆಯೊಳಗೆ 1,700 ಮೀಟರ್ ಮೇಲೇರಿರುತ್ತಾರೆ, ಅದೂ ಕುಳಿತಲ್ಲೇ. ಪರ್ವತ ವೈದ್ಯರ ನಿಯಮ ಬೇರೆಯೇ ಇದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು; ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಇನ್ನೊಂದು ರಾತ್ರಿ ಕಳೆಯಬೇಕು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಹಾಗಾಗಿ ಊರಲ್ಲಿ ಎಷ್ಟೇ ಬೆಟ್ಟ ಹತ್ತಿ ಕಾಲು ಗಟ್ಟಿ ಮಾಡಿಕೊಂಡಿದ್ದರೂ ಈ ಎತ್ತರದ ಅಭ್ಯಾಸ ನಮಗೆ ಆಗಿರುವುದಿಲ್ಲ. ಬೆಳಗಿನ ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಆದರೆ ಎತ್ತರದ ಕಾಯಿಲೆಗೆ ಅದು ರಕ್ಷಾಕವಚವಲ್ಲ. ಗಟ್ಟಿಮುಟ್ಟಾದ ಹುಡುಗರು ಬೇಗ ಬೇಗ ಹತ್ತಿ ಮೊದಲು ಮಲಗುವುದೂ ಉಂಟು.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕುಗ್ಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಪ್ರಮಾಣ ಎಲ್ಲೆಡೆ ಒಂದೇ, ನೂರಕ್ಕೆ ಸುಮಾರು 21. ಕುಗ್ಗುವುದು ಗಾಳಿಯ ಒತ್ತಡ. ಮಾನಸ ಸರೋವರದ ದಂಡೆಯಲ್ಲಿ, 4,590 ಮೀಟರಿನಲ್ಲಿ, ಒತ್ತಡ ಸಮುದ್ರಮಟ್ಟದ ಶೇ. 57ರಷ್ಟು ಮಾತ್ರ. ಆಮ್ಲಜನಕವನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಬಲವೇ ಕಡಿಮೆಯಾಗುತ್ತದೆ. ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ. ಆಗ ಇನ್ನೊಂದು ತೊಡಕು: ಜೋರಾಗಿ ಉಸಿರಾಡಿದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಅದನ್ನು ಕಂಡ ಮೆದುಳು 'ಸಾಕು, ನಿಧಾನಿಸು' ಎನ್ನುತ್ತದೆ. ಆಮ್ಲಜನಕಕ್ಕಾಗಿ ಬೇಗ ಉಸಿರಾಡಬೇಕು, ರಕ್ತದ ಸಮತೋಲಕ್ಕಾಗಿ ನಿಧಾನಿಸಬೇಕು. ಈ ಜಗ್ಗಾಟ ರಾತ್ರಿ ನಿದ್ದೆಯಲ್ಲಿ ಎದ್ದು ಕಾಣುತ್ತದೆ. ಉಸಿರು ಕೆಲವು ಕ್ಷಣ ನಿಂತೇಹೋಗಿ ಮತ್ತೆ ಏದುಸಿರಾಗಿ ಬರುತ್ತದೆ, ಪಕ್ಕದಲ್ಲಿ ಮಲಗಿದವರು ಗಾಬರಿಯಾಗುತ್ತಾರೆ. ಜಗ್ಗಾಟ ಬಿಡಿಸುವುದು ಮೂತ್ರಪಿಂಡಗಳ ಕೆಲಸ. ಅವು ಹೆಚ್ಚಿನ ಕ್ಷಾರವನ್ನು, ಅಂದರೆ ಬೈಕಾರ್ಬನೇಟನ್ನು, ಮೂತ್ರದಲ್ಲಿ ಹೊರಹಾಕುತ್ತವೆ. ಅದಕ್ಕೆ ಕೆಲವು ದಿನ ಬೇಕು. ಬಸ್ಸು ಕೊಡದೆ ಹೋಗುವುದು ಈ ಕೆಲವು ದಿನಗಳನ್ನೇ.

ಡೈಮಾಕ್ಸ್ ಎಂದು ಯಾತ್ರಿಗಳ ಬಾಯಲ್ಲಿ ಓಡಾಡುವ ಅಸೆಟಜೋಲಮೈಡ್ ಮಾತ್ರೆ ಮಾಡುವುದೂ ಇದನ್ನೇ. ಬೈಕಾರ್ಬನೇಟ್ ಬೇಗ ಹೊರಹೋಗುವಂತೆ ಮಾಡಿ, ಉಸಿರಾಟಕ್ಕೆ ಬಿದ್ದ ಕಡಿವಾಣವನ್ನು ಸಡಿಲಿಸುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಮುನ್ನಾದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಪದೇ ಪದೇ ಬರುತ್ತದೆ, ಸೋಡಾ ಕುಡಿದರೆ ಸಪ್ಪೆ ಎನಿಸುತ್ತದೆ. ಸೋಡಾದ ಚುರುಕನ್ನು ನಾಲಿಗೆಗೆ ತಿಳಿಸುವ ಕಿಣ್ವವನ್ನೂ ಈ ಮಾತ್ರೆ ತಡೆಯುವುದರಿಂದ ಹಾಗೆ. ಸಲ್ಫಾ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳದೆ ನುಂಗಬಾರದು. ಇನ್ನೊಂದು ಮಾತು: ಇದು ನೋವು ಮರೆಸುವ ಮಾತ್ರೆಯಲ್ಲ, ಆದರೆ ಇದನ್ನು ತಿಂದವರಿಗೆ ಕಾಯಿಲೆ ಬರುವುದೇ ಇಲ್ಲ ಎಂದೂ ಅಲ್ಲ.

ಭಕ್ತರ ವಿಷಯದಲ್ಲಿ ಇದೆಲ್ಲ ಇನ್ನಷ್ಟು ಬಿಗಡಾಯಿಸುತ್ತದೆ. ನೇಪಾಳದ ಗೋಸಾಯಿಕುಂಡ 4,300 ಮೀಟರಿಗೂ ಎತ್ತರದಲ್ಲಿರುವ ಪವಿತ್ರ ಸರೋವರ. ಜನೈ ಪೂರ್ಣಿಮೆಗೆ, ಅಂದರೆ ನಮ್ಮಲ್ಲಿ ಜನಿವಾರ ಬದಲಿಸುವ ನೂಲು ಹುಣ್ಣಿಮೆಗೆ, ಸಾವಿರಾರು ಜನ ತಗ್ಗಿನ ಊರುಗಳಿಂದ ಒಂದೆರಡು ದಿನಗಳಲ್ಲೇ ಅಲ್ಲಿಗೆ ಏರುತ್ತಾರೆ. ನೇಪಾಳದ ವೈದ್ಯ ಬುದ್ಧ ಬಸ್ನ್ಯಾತ್ ಮತ್ತು ಸಂಗಡಿಗರು ಅಲ್ಲಿ ಇನ್ನೂರಕ್ಕೂ ಹೆಚ್ಚು ಯಾತ್ರಿಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಎತ್ತರದ ಕಾಯಿಲೆ ಇತ್ತು. ಮೂರನೇ ಒಂದು ಪಾಲಿನಷ್ಟು ಜನರಲ್ಲಿ ಮೆದುಳು ಊದಿಕೊಂಡ ಲಕ್ಷಣಗಳಿದ್ದವು. ವಿದೇಶಿ ಚಾರಣಿಗ ತಲೆನೋವು ಬಂದರೆ ನಿಲ್ಲುತ್ತಾನೆ, ಬೇಸರವಾದರೆ ಹಿಂತಿರುಗುತ್ತಾನೆ. ಹರಕೆ ಹೊತ್ತವರು ಉಪವಾಸವಿದ್ದೇ ಹತ್ತುತ್ತಾರೆ, ಹಿಮದ ನೀರಿನಲ್ಲಿ ಮುಳುಗುತ್ತಾರೆ, ದರ್ಶನವಾಗದೆ ಇಳಿಯುವುದಿಲ್ಲ ಎನ್ನುತ್ತಾರೆ. ತಲೆನೋವನ್ನು ದೇವರ ಪರೀಕ್ಷೆ ಎಂದುಕೊಂಡವರಿಗೆ ಇಳಿಯಿರಿ ಎಂದು ಹೇಳುವುದು ಯಾವ ವೈದ್ಯನಿಗೂ ಸುಲಭವಲ್ಲ.

ಸಾಲಿಗ್ರಾಮದ ನಂಟಿನಿಂದ ಕನ್ನಡಿಗರು ಹೆಚ್ಚು ಹೋಗುವ ಮುಕ್ತಿನಾಥ ಇಷ್ಟು ಅಪಾಯದ್ದಲ್ಲ. ಪೋಖರಾದಿಂದ ಜೋಮ್ಸೋಮ್, ಅಲ್ಲಿಂದ ಜೀಪಿನಲ್ಲಿ ಸುಮಾರು 3,700 ಮೀಟರಿನ ಗುಡಿ. ಹೆಚ್ಚಿನವರು ದರ್ಶನ ಮುಗಿಸಿ ಅದೇ ದಿನ ಕೆಳಗಿಳಿಯುತ್ತಾರೆ, ಅದೇ ಅವರನ್ನು ಕಾಯುತ್ತದೆ. ಆದರೆ ಹೃದ್ರೋಗ ಇರುವವರು 108 ಧಾರೆಗಳ ಅಡಿಯಲ್ಲಿ ಓಡುವ ಹಟ ಬಿಟ್ಟು ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ಚಳಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿಸುತ್ತದೆ.

ತಲೆನೋವು, ಊಟ ಸೇರದಿರುವುದು, ಸುಸ್ತು: ಇವು ಮೊದಲ ಹಂತ. ಇದ್ದಲ್ಲೇ ಇದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತವೆ. ಮೇಲೆ ಹೋಗಬಾರದು, ಅಷ್ಟೆ. ಒಂದು ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದಾಗ ತೂರಾಡಿದರೆ ಮೆದುಳಿಗೆ ಪೆಟ್ಟು ಬೀಳುತ್ತಿದೆ ಎಂದರ್ಥ. ಸುಮ್ಮನೆ ಕುಳಿತಾಗಲೂ ಮೇಲುಸಿರು, ಗೊರಗೊರ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡಕ್ಕೂ ಮದ್ದು ಇಳಿಯುವುದು, ಆಗಲೇ, ನಡುರಾತ್ರಿಯಾದರೂ, ಜೊತೆಗೊಬ್ಬರನ್ನು ಕೂಡಿಸಿಕೊಂಡು. ಆಮ್ಲಜನಕದ ಸಿಲಿಂಡರ್, ಡೆಕ್ಸಾಮೆಥಾಸೋನ್, ರೋಗಿಯನ್ನು ಒಳಗೆ ಮಲಗಿಸಿ ಗಾಳಿ ಪಂಪು ಮಾಡುವ ಒತ್ತಡದ ಚೀಲ, ಇವೆಲ್ಲ ಇಳಿಯುವವರೆಗೆ ಜೀವ ಹಿಡಿದಿಡುವ ಉಪಾಯಗಳು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಒಯ್ಯಬಹುದು, ಆದರೆ ಅದನ್ನೇ ನೆಚ್ಚಬೇಡಿ. ಮಾನಸ ಸರೋವರದ ಎತ್ತರದಲ್ಲಿ ಆರೋಗ್ಯವಂತರಿಗೂ ಎಂಬತ್ತರ ಆಸುಪಾಸಿನ ಅಂಕಿ ಬರುತ್ತದೆ.

ಹೊಟ್ಟೆಯ ಕಥೆ ಕಠ್ಮಂಡುವಿನಲ್ಲೇ ಶುರುವಾಗುತ್ತದೆ, ಮುಂಗಾರಿನ ಆಸುಪಾಸಿನಲ್ಲಿ ಹೆಚ್ಚು. ಅಲ್ಲಿ ಆ ಕಾಲದಲ್ಲಿ ಕಾಡುವ ಸೈಕ್ಲೋಸ್ಪೊರಾ ಎಂಬ ಪರಾವಲಂಬಿಗೆ ಕ್ಲೋರಿನ್, ಅಯೋಡಿನ್ ಮಾತ್ರೆಗಳು ಲೆಕ್ಕಕ್ಕೇ ಇಲ್ಲ, ಕುದಿಸಿದರೆ ಸಾಯುತ್ತದೆ. ಮಾನಸ ಸರೋವರದ ಬಳಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಅಡುಗೆಯವರು ಕುಕ್ಕರ್ ಹೊತ್ತೊಯ್ಯುವುದು ಅದಕ್ಕೇ, ಇಲ್ಲದಿದ್ದರೆ ಅನ್ನ ಅರೆಬೆಂದು ಕೂರುತ್ತದೆ. ರೋಗಾಣುಗಳಿಗೆ ಮಾತ್ರ ಆ ಶಾಖ ಸಾಕು, ಮೂರು ನಿಮಿಷ ಕುದಿಯಲಿ. ಭೇದಿ ಹಿಡಿದರೆ ಓಆರ್‌ಎಸ್ ಪುಡಿಯ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕರಗಿಸಿ ಕುಡಿಯಬೇಕು. ಅಂಗಡಿಯ ಸಿಹಿ ಪಾನೀಯ ಅದಕ್ಕೆ ಬದಲಿಯಲ್ಲ. ಶೌಚಾಲಯವಿಲ್ಲವೆಂದು ನೀರನ್ನೇ ಬಿಡುವ ಹೆಂಗಸರು ತಂಡಕ್ಕೊಬ್ಬರಾದರೂ ಇರುತ್ತಾರೆ. ಅವರ ತಲೆನೋವು ಎತ್ತರದ್ದೋ ಬಾಯಾರಿಕೆಯದ್ದೋ ಹೇಳುವುದು ಕಷ್ಟ.

ಕಠ್ಮಂಡುವಿನ ಪಶುಪತಿನಾಥ, ಸ್ವಯಂಭೂಗಳಲ್ಲಿ ಕೋತಿ ಕಚ್ಚಿದರೆ ಅಥವಾ ಪರಚಿದರೆ ಅರಿಶಿನ ಮೆತ್ತಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆ ಶುರು ಮಾಡಿಸಬೇಕು. ಅಲ್ಲಿನ ಟೇಕು ಬಡಾವಣೆಯ ಸರ್ಕಾರಿ ಸುಕ್ರರಾಜ್ ಆಸ್ಪತ್ರೆ ಇದಕ್ಕೆ ಹೆಸರಾಗಿದೆ. ಯಾತ್ರೆ ಮುಗಿಸಿ ಊರಿಗೆ ಹೋದ ಮೇಲೆ ನೋಡೋಣ ಎನ್ನುವಂತಿಲ್ಲ.

ನೇಪಾಳದಲ್ಲಿ ಎತ್ತರದ ವೈದ್ಯಕೀಯ ಬೆಳೆದುಬಂದಿದೆ. 1973ರಲ್ಲಿ ಹುಟ್ಟಿದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಎತ್ತರದ ಊರುಗಳಾದ ಫೆರಿಚೆ, ಮನಾಂಗ್‌ಗಳಲ್ಲಿ ಚಿಕಿತ್ಸಾಲಯ ನಡೆಸುತ್ತದೆ, ಕಠ್ಮಂಡುವಿನಲ್ಲಿ ಪ್ರವಾಸಿಗರಿಗೆಂದೇ ಕ್ಲಿನಿಕ್‌ಗಳಿವೆ. ಆಂಬುಲೆನ್ಸಿಗೆ ಅಲ್ಲಿ 108 ಅಲ್ಲ, 102. ಗಡಿ ದಾಟಿ ಟಿಬೆಟ್ಟಿಗೆ ಕಾಲಿಟ್ಟರೆ ಈ ಅನುಕೂಲ ಮುಗಿಯಿತು: ಅಲ್ಲಿಂದ ಯಾತ್ರಿಗಳನ್ನು ಎತ್ತಿಕೊಂಡು ಬರುವ ಹೆಲಿಕಾಪ್ಟರ್ ಸಿಗುವುದಿಲ್ಲ, ರೋಗಿಯನ್ನು ವಾಹನದಲ್ಲೇ ಗಡಿಯವರೆಗೆ ತರಬೇಕು. ನೇಪಾಳದ ಬದಿಯಲ್ಲಿ ಹೆಲಿಕಾಪ್ಟರ್ ಧಾರಾಳ, ಕೆಲವೊಮ್ಮೆ ಅತಿಯಾಗಿ ಧಾರಾಳ. ವಿಮೆಯ ಹಣಕ್ಕಾಗಿ ಬೇಡದವರನ್ನೂ ಹತ್ತಿಸಿದ ದಂಧೆಯ ಬಗ್ಗೆ 2018ರಲ್ಲಿ ಅಲ್ಲಿನ ಸರ್ಕಾರವೇ ತನಿಖೆ ಮಾಡಿಸಬೇಕಾಯಿತು. ನಿಮ್ಮ ಪ್ರವಾಸ ವಿಮೆ ಎಷ್ಟು ಸಾವಿರ ಮೀಟರಿನವರೆಗೆ ಅನ್ವಯ, ಹೆಲಿಕಾಪ್ಟರ್ ಖರ್ಚು ಸೇರಿದೆಯೇ, ಹಳೆಯ ಬಿಪಿ-ಶುಗರ್ ಬರೆಸಿದ್ದೀರಾ, ಇವನ್ನು ಹಣ ಕಟ್ಟುವ ಮುಂಚೆ ಏಜೆಂಟರನ್ನು ಕೇಳಿ. ಟೂರಿನವರನ್ನು ಕೇಳಬೇಕಾದದ್ದು ಇನ್ನೂ ಒಂದಿದೆ: ಕೇರುಂಗ್‌ನಲ್ಲಿ ಎಷ್ಟು ರಾತ್ರಿ, ಮತ್ತು ಒಬ್ಬರಿಗೆ ಹುಷಾರಿಲ್ಲದಿದ್ದರೆ ಅವರನ್ನು ಇಳಿಸಲು ಬೇರೆ ಗಾಡಿ ಇಟ್ಟಿದ್ದೀರಾ?