ಪಾರ್ಶ್ವವಾಯುವಿಗೆ ಆಕರಕೋಶ: ಒಪ್ಪಬಹುದೇ? ನಂಬಬಹುದೇ?



ಲೂರ್ದು ಮಾತೆಯ ಹಬ್ಬದಂದು ರೋಗಿಗಳಿಗೆ ಪರಮಪ್ರಸಾದ ಒಯ್ದಾಗ, ಪಾರ್ಶ್ವವಾಯುವಿನಿಂದ ಮಲಗಿದ್ದ ಹಿರಿಯರೊಬ್ಬರ ಮಗ ಕೇಳಿದರು: “ಫಾದರ್, ಸ್ಟೆಮ್ ಸೆಲ್ ಹಾಕಿಸಿದರೆ ಅಪ್ಪನ ಕೈ ಬರುತ್ತಂತೆ. ಗದ್ದೆ ಮಾರಿಯಾದರೂ ಮಾಡಿಸಲೇ? ಧರ್ಮಸಭೆ ಇದನ್ನು ಒಪ್ಪುತ್ತದೆಯೇ?”

ರಕ್ತ ಸಿಗದೆ ಸತ್ತ ಮೆದುಳಿನ ಭಾಗ ಮತ್ತೆ ಬೆಳೆಯುವುದಿಲ್ಲ. ನರಕೋಶಗಳಾಗಬಲ್ಲ ಎಳೆಯ ಕೋಶಗಳನ್ನು, ಅಂದರೆ ನರ ಆಕರಕೋಶಗಳನ್ನು, ಅಲ್ಲಿ ನೆಟ್ಟರೆ? 2010ರಲ್ಲಿ ಗ್ಲಾಸ್ಗೋದಲ್ಲಿ ಇಂಥ ಪ್ರಯೋಗ ಆರಂಭವಾಯಿತು. 60 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 11 ಪುರುಷರ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಗರಿಷ್ಠ 2 ಕೋಟಿ ಕೋಶಗಳನ್ನು ಮೆದುಳಿಗೆ ಸೇರಿಸಿದರು. ಎರಡು ವರ್ಷಗಳ ನಿಗಾದಲ್ಲಿ ಆ ಕೋಶಗಳಿಂದ ಕೆಡುಕು ಕಾಣಲಿಲ್ಲ. ತುಸು ಚೇತರಿಕೆ ಕಂಡಿತು. ಆದರೆ ಹೋಲಿಸಿ ನೋಡಲು ಕೋಶ ಪಡೆಯದ ಗುಂಪು ಇರಲಿಲ್ಲ. ಹಾಗಾಗಿ ಚೇತರಿಕೆ ಕೋಶಗಳಿಂದಲೇ ಬಂತೆನ್ನಲಾಗದು.

ಆ ಕೋಶಗಳ ಮೂಲ, ಗರ್ಭಪಾತವಾದ ಭ್ರೂಣದ ಮೆದುಳು. ನಮಗೆ ತೊಡಕಿರುವುದು ಇಲ್ಲೇ. ಆಕರಕೋಶವೆಂದರೇ ಧರ್ಮಸಭೆಗೆ ಆಗದು ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು. 2008ರ ‘ದಿಗ್ನಿತಾಸ್ ಪೆರ್ಸೋನೆ’ ಬೋಧನೆ ವಯಸ್ಕರ ದೇಹದಿಂದ, ಹೊಕ್ಕುಳಬಳ್ಳಿಯ ರಕ್ತದಿಂದ, ಸಹಜವಾಗಿ ಸತ್ತ ಭ್ರೂಣದಿಂದ ಪಡೆದ ಕೋಶಗಳನ್ನು ಒಪ್ಪುತ್ತದೆ. ಜೀವಂತ ಭ್ರೂಣವನ್ನು ಕೊಂದು ತೆಗೆಯುವುದನ್ನು ಒಪ್ಪುವುದಿಲ್ಲ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯನ ಚರ್ಮದ ಕೋಶಗಳನ್ನೇ ಆಕರಕೋಶಗಳಾಗಿ ಮರಳಿಸಿ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ಈ ದಾರಿಗೆ ಭ್ರೂಣವೇ ಬೇಡ. ವಿಜ್ಞಾನ ತಾನಾಗಿ ಈ ಬಾಗಿಲು ತೆರೆದದ್ದು ನನಗೆ ಸಂತೋಷದ ವಿಷಯ.

ಇನ್ನು ಗದ್ದೆಯ ಪ್ರಶ್ನೆ. ನೆಟ್ಟ ಕೋಶಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ. ಬೆಂಕಿ ಆರದ ನೆಲದಲ್ಲಿ ಸಸಿ ನೆಟ್ಟ ಹಾಗೆ: ಉರಿಯೂತ ತಣಿದಿಲ್ಲ, ರಕ್ತನಾಳಗಳಿಲ್ಲ. ಆದ್ದರಿಂದ ಕೆಲವು ಸಂಶೋಧಕರು ಕೋಶಗಳಿಗೆ ಆಸರೆಯಾಗುವ ಮೆದು ಜೆಲ್‌ನೊಡನೆ ಅವನ್ನು ಸೇರಿಸಿ ನೋಡುತ್ತಿದ್ದಾರೆ. ಸಮಯವೂ ಮುಖ್ಯ. 2025ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದವರು, ಯಮನಾಕ ವಿಧಾನದ ಕೋಶಗಳಿಂದ ಬೆಳೆಸಿದ ಎಳೆ ನರಕೋಶಗಳನ್ನು ಪಾರ್ಶ್ವವಾಯುವಾದ ಒಂದು ವಾರದ ನಂತರ ಇಲಿಗಳಲ್ಲಿ ನೆಟ್ಟರು. ಅವು ಐದು ವಾರ ಉಳಿದವು, ಹಲವು ನರಕೋಶಗಳಾದವು. ಹೊಸ ರಕ್ತನಾಳ ಹುಟ್ಟಿ, ಉರಿಯೂತ ತಗ್ಗಿ, ಇಲಿಗಳ ನಡಿಗೆ ಸುಧಾರಿಸಿತು. ಆದರೆ ಅವು ಇಲಿಗಳು! ಪಕ್ವವಾಗದೆ ಉಳಿದ ಕೋಶ ಗಡ್ಡೆಯಾಗಿ ಬೆಳೆಯುವ ಅಪಾಯವೂ ಇದೆ.

ನಮ್ಮ ದೇಶದಲ್ಲಿ ಪಾರ್ಶ್ವವಾಯುವಿಗೆ ಇದು ಮಾನ್ಯ ಚಿಕಿತ್ಸೆಯಲ್ಲ. ಅನುಮೋದಿತ ಪ್ರಯೋಗದ ಹೊರಗೆ ಹೀಗೆ ಆಕರಕೋಶ ಕೊಡುವುದು ಅನೈತಿಕವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಗದ್ದೆ ಮಾರಬೇಡಿ ಎಂದು ಆ ಮಗನಿಗೆ ಹೇಳಿದೆ. ಅಪ್ಪನ ಫಿಸಿಯೋಥೆರಪಿ ತಪ್ಪಿಸಬೇಡಿ ಎಂದೂ ಹೇಳಿದೆ.