ಡೀಸಲ್ ಮೋಟಾರು ಕಡಿಮೆ ವೇಗದಲ್ಲಿ ತಡವರಿಸುವುದು: ಕಾರಣವನ್ನು ಕಂಡುಹಿಡಿಯುವ ಕ್ರಮ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗಗಳಲ್ಲಿ ಈಗ ಅನೇಕ ಜಮೀನುದಾರರ ಅಂಗಳದಲ್ಲಿ ಡೀಸಲ್ ಮೋಟಾರು ನಿಂತಿರುವುದು ಸಾಮಾನ್ಯವಾಗಿದೆ. ಬೀಜ ತರಲು, ತೊಗರಿಯ ಧಾರಣೆ ವಿಚಾರಿಸಿ ಬರಲು, ರಾತ್ರಿವೇಳೆಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಅದೇ ಆಧಾರ. ನಾನು ಸಂಚಾರ ಹೋದ ಊರುಗಳಲ್ಲಿ ಈ ಗಾಡಿಗಳ ವಿಷಯವಾಗಿ ಮೇಲಿಂದ ಮೇಲೆ ಕೇಳಿಬರುವ ದೂರು ಒಂದುಂಟು. ನಿಂತಲ್ಲಿಂದ ಹೊರಡುವಾಗ, ಇಲ್ಲವೆ ನಿಧಾನವಾಗಿ ಹೋಗುತ್ತಿರುವಾಗ ಪೆಡಲನ್ನು ಒತ್ತಿದರೆ ಎಂಜಿನು ಒಂದೆರಡು ಕ್ಷಣ ಉಸಿರು ಕಟ್ಟಿದಂತೆ ತಡವರಿಸಿ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಕಲ್ಲು ಹೇರಿದ ಲಾರಿಗಳು ಓಡಾಡುವ ಹೆದ್ದಾರಿಯನ್ನು ದಾಟುವಾಗ ಈ ಒಂದೆರಡು ಕ್ಷಣಗಳೇ ಪ್ರಾಣಕ್ಕೆ ಕುತ್ತು ತರಬಲ್ಲವು.

ಚಿತ್ತಾಪುರ ಕಡೆಯ ಜಮೀನುದಾರರೊಬ್ಬರ ಗಾಡಿಗೆ ಇದೇ ವ್ಯಾಧಿ ತಗಲಿತ್ತು. ಮಿಸ್ತ್ರಿಯ ಮಾತಿನಂತೆ ಅವರು ನಾಲ್ಕೂ ಇಂಜೆಕ್ಟರುಗಳನ್ನು ಬದಲಿಸಿದರು. ಒಂದು ಎಕರೆಯ ಬೆಳೆಯಷ್ಟು ಹಣ ಹೋಯಿತು, ತಡವರಿಕೆ ಮಾತ್ರ ಹೋಗಲಿಲ್ಲ. ಕಡೆಗೆ ಕಂಡುಬಂದದ್ದು ಟರ್ಬೊದಿಂದ ಎಂಜಿನಿಗೆ ಗಾಳಿ ಒಯ್ಯುವ ರಬ್ಬರು ಕೊಳವೆಯಲ್ಲಿ, ಬಿಗಿಪಟ್ಟಿಯ ಕೆಳಗೆ, ಬೆರಳಿನ ಗೆಣ್ಣುದ್ದದ ಸೀಳು. ಅಗ್ಗವಾದದ್ದನ್ನು ಮೊದಲು ನೋಡದೆ ಬೆಲೆಯುಳ್ಳದ್ದಕ್ಕೆ ಕೈಹಾಕಿದ್ದರಿಂದ ಆದ ನಷ್ಟವಿದು.

ದೋಷವು ಕಡಿಮೆ ವೇಗದಲ್ಲಿಯೇ ಏಕೆ ತೋರುವುದೆಂಬುದನ್ನು ತಿಳಿದರೆ ಅರ್ಧ ಕೆಲಸವಾದಂತೆ. ಡೀಸಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಬಲವಾಗಿ ಅದುಮಿ, ಅದರಿಂದ ಹುಟ್ಟಿದ ಕಾವಿನಲ್ಲಿಯೇ ಎಣ್ಣೆಯನ್ನು ಉರಿಸಲಾಗುತ್ತದೆ. ಒಂದು ಲೀಟರು ಡೀಸಲು ಪೂರ್ತಿಯಾಗಿ ಉರಿಯಲು ಕಡಿಮೆಯೆಂದರೂ ಸುಮಾರು 10,000 ಲೀಟರು ಗಾಳಿ ಬೇಕು. ಎಂಜಿನು ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ಸುಮ್ಮನೆ ತಿರುಗುವಾಗ ಹೊಗೆಯ ರಭಸ ಸಾಲದು. ಆದಕಾರಣ ಆ ಹೊಗೆಯಿಂದಲೇ ತಿರುಗುವ ಟರ್ಬೊ ಗಾಳಿಯನ್ನು ತುರುಕಲಾರದು. ಸಾಮಾನ್ಯವಾಗಿ 1,500ರಿಂದ 2,000 ಸುತ್ತುಗಳ ನಡುವೆ ಅದು ಕೆಲಸಕ್ಕೆ ಬರುತ್ತದೆ. ಅಲ್ಲಿಯವರೆಗೆ ಎಂಜಿನು ತನ್ನ ಸ್ವಂತ ಉಸಿರಿನ ಮೇಲೆಯೇ ನಿಂತಿರತಕ್ಕದ್ದು. ಆ ಉಸಿರಿಗೆ ಸ್ವಲ್ಪ ಅಡ್ಡಿಯಾದರೂ ತಡವರಿಕೆ ಕಾಣುತ್ತದೆ.

ಮೊಟ್ಟಮೊದಲು ಪರೀಕ್ಷಿಸತಕ್ಕದ್ದು ನಡೆಸುವವನನ್ನು. ಎಣ್ಣೆ ಉಳಿಯುವುದೆಂಬ ಭ್ರಮೆಯಿಂದ ಊರೊಳಗಿನ ಓಣಿಯಲ್ಲಿಯೂ ಮೇಲಿನ ಗಿಯರಿನಲ್ಲಿಯೇ ಗಾಡಿಯನ್ನು ಎಳೆಸುವ ಚಾಲಕರು ಬಹಳ ಮಂದಿ. ಒಂದು ಗಿಯರು ಇಳಿಸಿದಾಗ ತಡವರಿಕೆ ಮಾಯವಾದರೆ ಮಿಸ್ತ್ರಿಯ ಬಳಿಗೆ ಹೋಗುವ ಮುನ್ನ ಚಾಲಕನಿಗೆ ಬುದ್ಧಿ ಹೇಳುವುದು ಲೇಸು.

ಎರಡನೆಯದು ಗಾಳಿ ಸೋಸುವ ಏರ್ ಫಿಲ್ಟರು. ಶಹಾಬಾದ ಮತ್ತು ವಾಡಿಯ ಸುತ್ತಲಿನ ಕಲ್ಲುಗಣಿಗಳ ಬಿಳಿ ಪುಡಿ, ಎರೆಭೂಮಿಯ ಬೇಸಿಗೆಯ ಧೂಳು, ಡಿಸೆಂಬರು-ಜನವರಿಯಲ್ಲಿ ತೊಗರಿ ರಾಶಿ ಮಾಡುವಾಗ ಏಳುವ ಹೊಟ್ಟು, ಇವೆಲ್ಲವೂ ಅದರಲ್ಲಿಯೇ ಸೇರುತ್ತವೆ. ಗಾಡಿಯೊಡನೆ ಬಂದ ಪುಸ್ತಕದಲ್ಲಿ ಹೇಳಿದ ಅವಧಿ ಒಳ್ಳೆಯ ರಸ್ತೆಗಳಿಗೆ ಸರಿ. ನಮ್ಮ ಸೀಮೆಯಲ್ಲಿ ಅದರ ಅರ್ಧಕ್ಕೇ ಬದಲಿಸಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಕೂಡದು. ಬಲವಾದ ಗಾಳಿ ಊದಿದರೆ ಕಾಗದ ಬಿರಿದು ಧೂಳು ಎಂಜಿನನ್ನೇ ಸೇರುತ್ತದೆ. ಇದರ ಹಿಂದೆಯೇ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರು ಇರುತ್ತದೆ. ಅದರ ಮೇಲೆ ಧೂಳಿನ ಪೊರೆ ಕೂತರೆ ಗಾಳಿ ಕಡಿಮೆಯೆಂದು ಲೆಕ್ಕ ಕೊಟ್ಟು, ಎಣ್ಣೆಯನ್ನೂ ಕಡಿಮೆ ಮಾಡಿಸುತ್ತದೆ. ಅದಕ್ಕೆಂದೇ ಮಾರುವ ದ್ರವದಿಂದ ಅದನ್ನು ತೊಳೆಯಬಹುದು; ಬಟ್ಟೆ ತಾಗಿಸಬಾರದು.

ಮೂರನೆಯದಾಗಿ ಟರ್ಬೊದ ಕೊಳವೆಗಳು. ಗಾಡಿ ನಿಂತಿದ್ದಾಗ ಎಂಜಿನು ಸರಾಗವಾಗಿ ಏರಿ, ಚಿಂಚೋಳಿಯ ಏರುದಾರಿಯಲ್ಲಿ ಮಾತ್ರ ಕರಿ ಹೊಗೆ ಬಿಟ್ಟು ಸೋತರೆ ಇವುಗಳ ಮೇಲೆ ಸಂಶಯ ಪಡಬೇಕು. ಸೀಳಿರುವ ಕಡೆ ಎಣ್ಣೆಯ ಜಿಡ್ಡು ಧೂಳು ಹಿಡಿದು ಕಪ್ಪಾಗಿರುತ್ತದೆ. ಪೆಡಲು ಒತ್ತಿದಾಗ ಬುಸ್ಸೆಂಬ ಸದ್ದೂ ಕೇಳಬಹುದು. ನಮ್ಮ ಬೇಸಿಗೆಯ ಬಿಸಿಲಿಗೆ ಸಣ್ಣ ರಬ್ಬರು ನಳಿಕೆಗಳೂ ಬಿರಿಯುತ್ತವೆ.

ಗಾಳಿಯಲ್ಲಿ ದೋಷವಿಲ್ಲದಿದ್ದರೆ ಎಣ್ಣೆಯನ್ನು ನೋಡಬೇಕು. ಒಕ್ಕಲುತನದ ಮನೆಗಳಲ್ಲಿ ಟ್ರ್ಯಾಕ್ಟರಿಗೂ ಪಂಪಿಗೂ ಪೀಪಾಯಿಯಲ್ಲಿ ಡೀಸಲು ಇಡುವ ರೂಢಿಯುಂಟು. ಅರೆ ತುಂಬಿದ ಪೀಪಾಯಿಯ ಒಳಗೋಡೆಯಲ್ಲಿ ರಾತ್ರಿ ತಂಪಿಗೆ ನೀರು ಹನಿಗಟ್ಟಿ, ಡೀಸಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಕೊಳವೆಯನ್ನು ತಳದವರೆಗೆ ಇಳಿಸಿ ಎಣ್ಣೆ ತೆಗೆದರೆ ಆ ನೀರೇ ಗಾಡಿಗೆ ಬರುತ್ತದೆ. ಡೀಸಲ್ ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ಸ್ವಲ್ಪ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಟ್ಟರೆ ನೀರು ಬೇರೆಯಾಗಿ ಕಾಣುವುದು. ಫಿಲ್ಟರು ಬದಲಿಸಿದ ಮರುದಿನವೇ ತಡವರಿಕೆ ಮೊದಲಾಗಿದ್ದರೆ ಎಲ್ಲೋ ಗಾಳಿ ಹೀರುತ್ತಿದೆಯೆಂದು ತಿಳಿಯಬೇಕು. ಸೀಮೆಎಣ್ಣೆ ಬೆರೆಸುವವರ ವಿಷಯ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಜಿಡ್ಡು ಸಾಲದೆ ಪಂಪು ಸವೆಯುತ್ತದೆ.

ಇನ್ನುಳಿದದ್ದು ಇ.ಜಿ.ಆರ್. ಎಂಬ ಕವಾಟ. ಹೊಗೆಯ ಒಂದು ಪಾಲನ್ನು ಮರಳಿ ಎಂಜಿನಿಗೆ ಕಳುಹಿಸಿ ಉರಿಯ ಕಾವನ್ನು ತಗ್ಗಿಸುವುದು ಇದರ ಕೆಲಸ. ಭಾರ ಕಡಿಮೆಯಿದ್ದಾಗ ತೆರೆದು, ಪೆಡಲನ್ನು ಪೂರ್ತಿ ಒತ್ತಿದಾಗ ಮುಚ್ಚಿಕೊಳ್ಳಬೇಕು. ಮಸಿ ಕಟ್ಟಿ ತೆರೆದೇ ನಿಂತರೆ ಹೊಸ ಗಾಳಿಯ ಸ್ಥಳವನ್ನು ಹೊಗೆ ಆಕ್ರಮಿಸಿ ಎಂಜಿನು ಎಡವುತ್ತದೆ. ದಿನವೂ ಎರಡು ಮೂರು ಮೈಲಿ ಮಾತ್ರ ಓಡುವ ಗಾಡಿಗಳಲ್ಲಿ ಮಸಿ ಬೇಗ ಕಟ್ಟುತ್ತದೆ. ಇದನ್ನು ಬಿಚ್ಚಿ ತೊಳೆಯಬಹುದು.

ಇಷ್ಟಾದರೂ ಗುಣ ಕಾಣದಿದ್ದರೆ ಇಂಜೆಕ್ಟರುಗಳ ಸರದಿ. ಬದಲಿಸುವ ಮೊದಲು ಪ್ರತಿಯೊಂದರಿಂದ ಹಿಂದಿರುಗುವ ಎಣ್ಣೆಯನ್ನು ಅಳತೆ ಮಾಡಿ ತೋರಿಸಲು ಮಿಸ್ತ್ರಿಯನ್ನು ಕೇಳುವ ಹಕ್ಕು ಗಾಡಿಯ ಧಣಿಗೆ ಉಂಟು. ಹೆಚ್ಚು ಹಿಂದಿರುಗಿಸುವುದಷ್ಟೇ ಕೆಟ್ಟದ್ದು. ಈ ಭಾಗವನ್ನು ಮನೆಯಲ್ಲಿ ಮುಟ್ಟಬಾರದು. ಕಾಮನ್ ರೈಲ್ ಎಂಜಿನುಗಳಲ್ಲಿ ಎಣ್ಣೆಯ ಒತ್ತಡವು ವಾತಾವರಣದ ಒತ್ತಡಕ್ಕಿಂತ ಸಾವಿರ ಪಟ್ಟು ಮೀರಬಹುದು. ಎಂಜಿನು ನಡೆಯುತ್ತಿರುವಾಗ ಕೊಳವೆಯ ನಟ್ಟು ಸಡಿಲಿಸಿದರೆ ಎಣ್ಣೆಯ ಎಳೆ ಸೂಜಿಯಂತೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಚಿಕ್ಕದೆಂದು ತೋರಿದರೂ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೋಗತಕ್ಕದ್ದು; ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಭಯವಿದೆ.